ಉಚ್ಚಂಗವ್ವ ಪ್ರಕರಣ, ಪ್ಯಾರಾ ನಲವತ್ತೊಂದು

ಮಸಿ ಮಾತಾಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಾನು ನನ್ನ ಅಡಿಗೆಮನೆಗೆ ವರ್ಷಕ್ಕೆ ನೂರು ಸಲ ಸುಣ್ಣ ಬಳಿಯುತ್ತಿದ್ದೆ. ಗೊತ್ತಿರಲಿಲ್ಲ. ನನ್ನ ಗಂಡ ತೀರಿಕೊಂಡ ವರ್ಷ ದೀಪಾವಳಿಗೆ ಸುಣ್ಣ ಹೊಡೆಯಲಿಲ್ಲ; ಸಾವಾದ ಮನೆಗೆ ಆ ವರ್ಷ ಸುಣ್ಣವಿಲ್ಲ ಎನ್ನುವುದು ನಮ್ಮಲ್ಲಿ ಪದ್ಧತಿ. ಮರುವರ್ಷ ಮೊಣಕಾಲು ನೋವು ಎಂದೆ. ಅದರ ಮರುವರ್ಷ ಏನೂ ಅನ್ನಲಿಲ್ಲ, ಸುಮ್ಮನೆ ಬಿಟ್ಟೆ. ಹೀಗೆ ಮೂರು ವರ್ಷದ ಹೊಗೆ ಒಲೆಯ ಹಿಂದಿನ ಗೋಡೆಗೆ ಎಮ್ಮೆಯ ಚರ್ಮದ ಹಾಗೆ ಹತ್ತಿ ಕೂತಿತ್ತು. ಆ ಮೂರು ವರ್ಷ ನಾನು ಆ ಒಲೆಯ ಮುಂದೆ ಆಡಿದ ಮಾತನ್ನು ಒಂದರ ಪಕ್ಕ ಒಂದು ಇಟ್ಟರೆ ದಾವಣಗೆರೆಯಿಂದ ಕಾಶಿಗೆ ಹೋಗಿ ವಾಪಸು ಬರಬಹುದು.

ನಮ್ಮದು ದಾವಣಗೆರೆಯ ಭಟ್ಟಿಪೇಟೆ. ಇಲ್ಲಿ ಮನೆಗಿಂತ ಮಂಡಕ್ಕಿ ಭಟ್ಟಿಗಳೇ ಹೆಚ್ಚು. ಭಟ್ಟಿ ಎಂದರೆ ಒಂದು ಕಪ್ಪು ಕೋಣೆ, ಒಂದು ದೊಡ್ಡ ಒಲೆ, ಅದರ ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಉಪ್ಪುನೀರು ಹಚ್ಚಿದ ಅಕ್ಕಿಯನ್ನು ಆ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಮಂಡಕ್ಕಿಯಾಗುತ್ತದೆ. ನಾನು ಮತ್ತು ಖಾಸಿಂಬಿ ಒಂದೇ ಬಾಣಲೆಯ ಆಚೆ ಈಚೆ ನಿಂತು ಮೂವತ್ತೊಂದು ವರ್ಷ ಮರಳು ತಿರುವಿದವರು. ದೇಶದವರೆಲ್ಲ ಕರೆಂಟಿನ ಒಲೆಗೆ ಹೋದರೂ ನಮ್ಮ ಭಟ್ಟಿಗಳಲ್ಲಿ ಭತ್ತದ ಹೊಟ್ಟೇ ಉರಿಯುತ್ತಿತ್ತು. ನಮ್ಮ ಮನೆಗಳಲ್ಲೂ ಅದೇ. ಹೊಟ್ಟು ಪುಕ್ಕಟೆ ಸಿಗುತ್ತದಲ್ಲ.

ಭಟ್ಟಿಯ ಮಾಲೀಕ ಗುರುಶಾಂತಪ್ಪ ಒಂದು ಸಲ ಹೆಂಗಸರಿಗೆ ಮಧ್ಯಾಹ್ನದ ಬಿಡುವನ್ನು ತೆಗೆದುಹಾಕಿದ. ಹನ್ನೊಂದು ಜನ ನನ್ನ ಅಡಿಗೆಮನೆಯಲ್ಲಿ ಸೇರಿದೆವು. ಒಲೆಯ ಮೇಲೆ ಚಹಾ ಇತ್ತು. ನಾಳೆಯಿಂದ ಯಾರೂ ಭಟ್ಟಿಗೆ ಹೋಗುವುದು ಬೇಡ ಎಂದು ಮಾತಾಯಿತು. ಖಾಸಿಂಬಿಗೆ ಹೆದರಿಕೆ.

"ಅವನು ಸುಮ್ನೆ ಬಿಡ್ತಾನಾ ಉಚ್ಚಂಗಿ?" ಎಂದಳು.

"ಬಿಡ್ದಿದ್ರೆ ಏನ್ ಮಾಡ್ತಾನೆ? ಅವನ್ನೇ ಎತ್ತಿ ಬಾಣ್ಲಿಗೆ ಹಾಕ್ತೀನಿ. ಆ ಹೊಟ್ಟೆ ನೋಡೇ, ಹುರಿದ್ರೆ ನಲ್ವತ್ತು ಚೀಲ ಮಂಡಕ್ಕಿ ಆಗ್ತಾನೆ. ಊರಿಗೆಲ್ಲ ಹಂಚಾಣ," ಎಂದೆ ನಾನು.

ಹನ್ನೊಂದು ಜನವೂ ನಕ್ಕೆವು. ಖಾಸಿಂಬಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಳು. ಅಷ್ಟೇ ನಡೆದದ್ದು.

ಮುಷ್ಕರದ ಎಂಟನೇ ದಿನ ಪೊಲೀಸರು ಬಂದರು. ಒಬ್ಬ ಕೈಗೆ ಬಿಳಿ ಚೀಲ ಹಾಕಿಕೊಂಡು ಒಲೆಯ ಹಿಂದಿನ ಗೋಡೆಯಿಂದ ಅಂಗೈ ಅಗಲದ ಮಸಿಯನ್ನು ಗಾರೆ ಸಮೇತ ಎಬ್ಬಿಸಿಕೊಂಡು ಹೋದ. ನಾನು, "ಯಾಕಪ್ಪಾ, ಮನೆಯಲ್ಲಿ ಕೂಸಿಗೆ ದೃಷ್ಟಿಬೊಟ್ಟು ಇಡ್ಬೇಕಾ?" ಎಂದು ಕೇಳಿದೆ. ಅವನು ನಗಲಿಲ್ಲ. ಪೊಲೀಸರು ನಗದಿದ್ದರೆ ಏನೋ ಕಾದಿದೆ ಎಂದೇ ಅರ್ಥ.

ಮೂರು ದಿನ ಬಿಟ್ಟು ನನ್ನನ್ನು ಸರ್ಕಾರದ ಪ್ರಯೋಗಶಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಇಂದುಧರ ಎಂಬ ವಿಜ್ಞಾನಿ ಇದ್ದ. ಗಾಳಿ ಬೀಸಿದರೆ ಹರಪನಹಳ್ಳಿಗೆ ಹೋಗಿ ಬೀಳುವಷ್ಟು ಸಣಕಲ. ಒಳ್ಳೆಯ ಮನುಷ್ಯ, ಕೂರಲು ಕುರ್ಚಿ ಕೊಟ್ಟ. ಗಾಜಿನ ಪೆಟ್ಟಿಗೆಯೊಳಗೆ ನನ್ನ ಗೋಡೆಯ ತುಂಡನ್ನು ಮಲಗಿಸಿದ್ದರು. ಅದರ ಮೇಲೆ ಕೂದಲಿಗಿಂತ ಸಣ್ಣ ನೀಲಿ ಬೆಳಕೊಂದು ಹೋಗುತ್ತಿತ್ತು, ಬರುತ್ತಿತ್ತು.

"ಇದಕ್ಕೆ ಧೂಮಶ್ರುತಿ ಯಂತ್ರ ಅಂತಾರೆ ಅಜ್ಜಿ," ಎಂದ.

"ನಾವು ಮಸಿ ಮಿಷನ್ನು ಅನ್ನಾಣ ಬಿಡು. ಏನ್ ಮಾಡ್ತೈತಿ ಇದು?"

"ಒಲೆ ಉರಿಯುವಾಗ ಹೊಗೆ ಗೋಡೆಗೆ ಹೋಗಿ ಕೂರುತ್ತಲ್ಲ? ಆಗ ಯಾರಾದ್ರೂ ಮಾತಾಡ್ತಿದ್ರೆ, ಆ ಮಾತಿನ ಅಲೆ ಹೊಗೆಯನ್ನ ಅಲ್ಲಾಡಿಸುತ್ತೆ. ಮಸಿ ಆ ಅಲುಗಾಟದ ಸಮೇತ ಗೋಡೆಗೆ ಅಂಟ್ಕೊಳ್ಳುತ್ತೆ. ಬಿಸಿಗೆ ಅದರ ಜಿಡ್ಡು ಗಟ್ಟಿಯಾಗುತ್ತೆ. ನಾಳಿನ ಮಾತು ಅದರ ಮೇಲೆ. ನಾಡಿದ್ದಿನದು ಅದರ ಮೇಲೆ. ನಾವು ಒಂದೊಂದೇ ಪದರ ಓದ್ತೀವಿ."

"ಕರೆಂಟ್ ಒಲೆ ಇದ್ದೋರ ಮನೇದು?"

"ಅಲ್ಲಿ ಹೊಗೆ ಇಲ್ಲ ಅಜ್ಜಿ. ಏನೂ ಸಿಗಲ್ಲ."

"ಅಂದ್ರೆ ಗುರುಶಾಂತಪ್ಪ ಅವನ ಮನೇಲಿ ನನ್ನ ಬಗ್ಗೆ ಏನಂದ ಅಂತ ನಿನ್ನ ಮಿಷನ್ನಿಗೆ ಗೊತ್ತಾಗಲ್ಲ. ನಾ ಅವನ ಬಗ್ಗೆ ಅಂದಿದ್ದು ಮಾತ್ರ ಗೊತ್ತಾಗ್ತೈತಿ. ಭೇಷ್!"

ಅವನು ಒಂದು ಗುಂಡಿ ಒತ್ತಿದ. ಮೊದಲು ಮಳೆ ಸುರಿದಂತೆ ಸದ್ದು. ಆಮೇಲೆ ನನ್ನದೇ ದನಿ, ಬಾವಿಯೊಳಗಿಂದ ಬಂದ ಹಾಗೆ: ಹುರಿದ್ರೆ ನಲ್ವತ್ತು ಚೀಲ ಮಂಡಕ್ಕಿ ಆಗ್ತಾನೆ. ಅದರ ಹಿಂದೆ ಖಾಸಿಂಬಿಯ ನಗು. ನನಗೂ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಪೊಲೀಸ್, "ಕೊಲೆ ಸಂಚು," ಎಂದು ಬರೆದುಕೊಂಡ.

ತಿಪ್ಪೇಶ ಬಂದದ್ದು ಆಗ. ಅವನು ನಮ್ಮ ಪೇಟೆಯ ಹುಡುಗನೇ. ಅವನ ತಾಯಿ ನಮ್ಮ ಭಟ್ಟಿಯಲ್ಲೇ ಜರಡಿ ಹಿಡಿಯುತ್ತಿದ್ದಳು. ಅವನಿಗೆ ಆರು ವರ್ಷವಾಗಿದ್ದಾಗ ತೀರಿಹೋದಳು. ಆಮೇಲೆ ಅರ್ಧ ನನ್ನ ಮನೆಯಲ್ಲಿ, ಅರ್ಧ ಖಾಸಿಂಬಿಯ ಮನೆಯಲ್ಲಿ ಉಂಡು ಬೆಳೆದ. ಊಟಕ್ಕೆ ಕೂತರೆ ಕಥೆ ಬೇಕು. "ಹಾವು ಎಷ್ಟು ಉದ್ದ ಇತ್ತು ದೊಡ್ಡವ್ವ?" ಎಂದು ಕೇಳುವನು. "ರೈಲಿನಷ್ಟು" ಎನ್ನುವೆ. "ಅಷ್ಟೇನಾ?" ಎನ್ನುವನು. "ಅಷ್ಟೇನಾ ಅಂದ್ರೆ? ಎರಡು ರೈಲಿನಷ್ಟು!" ಎನ್ನುವೆ. ಹಾವು ಬೆಳೆದಂತೆ ಅನ್ನವೂ ಇಳಿಯುತ್ತಿತ್ತು. ಈಗ ಕರೀಕೋಟು ಹಾಕಿಕೊಂಡು ಮೂವತ್ತೈದು ವರ್ಷದ ಗಂಡಸಾಗಿದ್ದ. ಕೇಸುಗಳು ಮಾತ್ರ ಇರಲಿಲ್ಲ.

"ದೊಡ್ಡವ್ವ, ಇದು ನಿನ್ನೊಬ್ಬಳ ಕೇಸಲ್ಲ," ಎಂದ. "ಸಂವಿಧಾನದ ಇಪ್ಪತ್ತನೇ ವಿಧಿ ಏನನ್ನುತ್ತೆ ಗೊತ್ತಾ? ಯಾರನ್ನೂ ಅವರ ವಿರುದ್ಧ ಅವರೇ ಸಾಕ್ಷಿ ಹೇಳು ಅಂತ ಬಲವಂತ ಮಾಡೋ ಹಂಗಿಲ್ಲ. ಇಪ್ಪತ್ತೊಂದನೇದು ಬದುಕಿನ ಹಕ್ಕು. ಅದರೊಳಗೇ ಖಾಸಗಿ ಹಕ್ಕು ಐತಿ."

"ಮಸಿ ಅಂತ ಬರೆದಾರಾ ಅದ್ರಾಗೆ?"

"ಮಸೀನೂ ಇಲ್ಲ, ಖಾಸಗಿ ಅನ್ನೋ ಮಾತೂ ಇಲ್ಲ. ಯಾರ್ಯಾರೋ ಕೇಸ್ ಹಾಕಿ, ಕೋರ್ಟು ಆ ಒಂದು ಸಾಲನ್ನೇ ಓದಿ ಓದಿ ಅದರೊಳಗಿಂದ ತೆಗೆದಿದ್ದು."

"ಅಂಗನ್ನು. ಅಕ್ಕಿಯೊಳಗೆ ಮಂಡಕ್ಕಿ ಇದ್ದಂಗೆ. ಬಿಸಿ ಮರಳಿಗೆ ಯಾರಾದ್ರೂ ಇಳೀಬೇಕು."

"ನೀನೇ ಇಳೀತೀಯ," ಎಂದು ನಕ್ಕ.

ಅರ್ಜಿಯನ್ನು ನನ್ನ ಪಡಸಾಲೆಯಲ್ಲೇ ಕೂತು ಬರೆದ. ನನಗೆ ಓದಿ ಹೇಳಿದ. "ಒಲೆಯ ಮುಂದೆ ಆಡಿದ ಮಾತು ಆಡಿದವರದು. ಅವರ ಒಪ್ಪಿಗೆ ಇಲ್ಲದೆ ಮಸಿಯನ್ನು ಓದಕೂಡದು" ಎಂದು ಇತ್ತು. ಓದಿ ತಾನೇ ತಲೆ ಕೆರೆದುಕೊಂಡ. ಅಲ್ಲಿ ಹನ್ನೊಂದು ಜನ ಮಾತಾಡಿದ್ದರು; ಒಬ್ಬಳು ಪೊಲೀಸರಿಗೆ ಹೆದರಿ ಒಪ್ಪಿಗೆ ಕೊಟ್ಟುಬಿಟ್ಟರೂ ಗೋಡೆಯೆಲ್ಲ ತೆರೆದುಕೊಳ್ಳುತ್ತದೆ ಎಂದ.

"ಮನೆ ಯಾರ ಹೆಸರಲ್ಲೈತಿ ದೊಡ್ಡವ್ವ?"

ಆ ಪ್ರಶ್ನೆ ಕೇಳಿದರೆ ಸಾಕು, ನನ್ನ ಎದೆ ಉಬ್ಬಿಬಿಡುತ್ತದೆ. ನನ್ನ ಗಂಡ ಸಾಯುವ ಮೊದಲು ಮಾಡಿದ ಒಂದೇ ಬುದ್ಧಿವಂತಿಕೆ ಅದು. "ನನ್ನ ಹೆಸರಲ್ಲೋ! ಹಕ್ಕುಪತ್ರ ಐತಿ, ಸೀಲು ಐತಿ. ನಾನೇ ಒಡತಿ. ಬರಿ ಅದನ್ನ, ದಪ್ಪಗೆ ಬರಿ. ಆಡಿದೋರ್ದು ಪಾಡಿದೋರ್ದು ಅಂತೆಲ್ಲ ಯಾಕೆ? ಗೋಡೆ ನಂದು, ಮಸಿ ನಂದು ಅಂತ ಬರಿ."

"ಇದು ಗಟ್ಟಿ ನಿಲ್ಲುತ್ತೆ," ಎಂದ ಅವನು. ಮೊದಲಿನ ಸಾಲಿನ ಮೇಲೆ ಗೆರೆ ಎಳೆದ. ನಾನು ನೋಡುತ್ತಲೇ ಇದ್ದೆ.

ಕೊಲೆ ಸಂಚಿನ ಆರೋಪಕ್ಕೆ ಇನ್ನೊಂದು ಕಾಗದ ಬೇಕಿತ್ತು. ಅದನ್ನು ಪ್ರಮಾಣಪತ್ರ ಎನ್ನುತ್ತಾರೆ. ಅದರಲ್ಲಿ ಹೀಗಿತ್ತು: "ಅರ್ಜಿದಾರಳು ಮಾತನ್ನು ಹಿಗ್ಗಿಸಿ ಆಡುವ ಸ್ವಭಾವದವಳು. ಆಕೆಯ ಮಾತನ್ನು ಪೇಟೆಯಲ್ಲಿ ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ." ಓದಿ ಹೇಳಿದಾಗ ನನಗೆ ಬಿರುದು ಕೊಟ್ಟಂತಾಯಿತು. ಎರಡನೇ ಇಯತ್ತೆಯಲ್ಲಿ ಕಲಿತ ಸೊಟ್ಟ ಅಕ್ಷರದಲ್ಲಿ ಎರಡಕ್ಕೂ ರುಜು ಹಾಕಿದೆ.

ಬೆಂಗಳೂರಿನ ದೊಡ್ಡ ಕೋರ್ಟಿನಲ್ಲಿ ಒಂಬತ್ತು ತಿಂಗಳು ನಡೆಯಿತು. ನಾವೇ ಗೆದ್ದೆವು; ಕೊಲೆ ಸಂಚಿನ ಆರೋಪ ಬಿದ್ದುಹೋಯಿತು, ಅಷ್ಟರಲ್ಲಿ ಮಧ್ಯಾಹ್ನದ ಬಿಡುವೂ ವಾಪಸು ಬಂದಿತ್ತು. ತೀರ್ಪು ನೂರಾ ಹನ್ನೆರಡು ಪುಟ. ನಾನು ತೂಗಿ ನೋಡಿದೆ, ಒಂದು ಕೂಸಿನಷ್ಟು ಭಾರ ಇತ್ತು. ಅದರ ನಲವತ್ತೊಂದನೇ ಪ್ಯಾರಾದಲ್ಲಿ ಇಷ್ಟು: ಮನೆಯೊಳಗಿನ ಮಸಿ ಒಡೆಯರ ಖಾಸಗಿ ಬದುಕಿನ ಭಾಗ. ಒಡೆಯರ ಒಪ್ಪಿಗೆ ಇಲ್ಲದೆ ಯಾವ ಗೋಡೆಯ ಮಸಿಯನ್ನೂ ಓದತಕ್ಕದ್ದಲ್ಲ. ಓದಿದ್ದರೆ ಅಳಿಸತಕ್ಕದ್ದು, ಬಹಿರಂಗಪಡಿಸತಕ್ಕದ್ದಲ್ಲ.

ಆ ದಿನ ಭಟ್ಟಿಪೇಟೆಯಲ್ಲಿ ಮಿರ್ಚಿ ಮಂಡಕ್ಕಿಯ ಮಳೆ. ಹೆಂಗಸರು ತಮ್ಮ ತಮ್ಮ ಒಲೆಯ ಮುಂದೆ ಕೂತು ಗಂಡಂದಿರನ್ನು ಧೈರ್ಯವಾಗಿ ಬೈದರು. ಖಾಸಿಂಬಿ ತಿಪ್ಪೇಶನ ಬಾಯಿಗೆ ಸಕ್ಕರೆ ಹಾಕಿದಳು. "ನಮ್ಮ ಹುಡುಗ," ಎಂದು ಅವನ ಕೆನ್ನೆ ಹಿಂಡಿದಳು. ಅವನು ನಮ್ಮಿಬ್ಬರ ಕಾಲಿಗೂ ಬಿದ್ದ.

ಅದಾದ ಮೇಲೆ ನಾನು ಮನುಷ್ಯಳಾಗಿ ಉಳಿಯಲಿಲ್ಲ, ಪ್ರಕರಣವಾದೆ. ಎಲ್ಲೋ ಮಂಗಳೂರಲ್ಲಿ, ಎಲ್ಲೋ ಬೀದರದಲ್ಲಿ ವಕೀಲರು ಎದ್ದು ನಿಂತು "ಉಚ್ಚಂಗವ್ವ ಪ್ರಕರಣದ ಪ್ರಕಾರ" ಎನ್ನುತ್ತಾರಂತೆ. ಕಾನೂನು ಕಾಲೇಜಿನ ಹುಡುಗಿಯರು ನನ್ನ ಜೊತೆ ಫೋಟೋ ತೆಗೆಸಿಕೊಂಡು ಹೋದರು. ತಿಪ್ಪೇಶನಿಗೆ ಬೆಂಗಳೂರಿನಲ್ಲಿ ಆಫೀಸಾಯಿತು. ದೊಡ್ಡ ದೊಡ್ಡವರು ಅವನನ್ನು ಹುಡುಕಿಕೊಂಡು ಹೋಗತೊಡಗಿದರು. ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ, ಆಮೇಲೆ ಹಬ್ಬಕ್ಕೊಮ್ಮೆ. ದೊಡ್ಡ ಕೆಲಸದವನು, ಪಾಪ, ಎಂದು ನಾನೇ ಅವನ ಪರ ಮಾತಾಡುತ್ತಿದ್ದೆ.

ಎರಡು ವರ್ಷ ಕಳೆಯಿತು. ನನ್ನ ಮೊಣಕಾಲು ಕೈಕೊಟ್ಟು ನಾನು ಭಟ್ಟಿ ಬಿಟ್ಟೆ. ಖಾಸಿಂಬಿ ಬಿಡಲಿಲ್ಲ. ದಿನವೂ ಮಧ್ಯಾಹ್ನ ಅವಳಿಗೆ ರೊಟ್ಟಿ ಕೊಂಡೊಯ್ಯುವುದು ನನ್ನ ಕೆಲಸವಾಯಿತು. ಒಂದು ಸೋಮವಾರ ಹೋದರೆ ಭಟ್ಟಿಯ ಬಾಗಿಲಿಗೆ ಹೊರಗಿನಿಂದ ಸರಪಳಿ, ಸರಪಳಿಗೆ ಬೀಗ. ಹೊಗೆ ಹೋಗುವ ಕಿಂಡಿಯಿಂದ ಅವಳ ಮುಖ ಕಂಡಿತು.

"ಇದೇನೇ, ನಿನ್ನ ಹಟ್ಟಿಗೆ ಕೂಡಿದಾನಾ?" ಎಂದೆ.

"ಚೀಲ ಕಳುವಾಗ್ತಾವಂತೆ. ಊಟಕ್ಕೆ ಹೋದೋರು ಬರೋ ತಂಕ ಹಿಂಗೇ ಅಂತೆ. ಬೀಗದ ಕೈ ಗುರುಶಾಂತಪ್ಪನ ಜೇಬಲ್ಲೈತಿ. ರೊಟ್ಟಿ ಕಿಂಡಿಯಾಗೆ ಕೊಡು."

"ಒಳ್ಳೇ ಜೈಲು ಊಟ," ಎಂದು ನಕ್ಕು ಕೊಟ್ಟು ಬಂದೆ. ಅವಳೂ ನಕ್ಕಳು. ಊಟಕ್ಕೆ ಹೋದವರು ಬರುವ ಮೊದಲೇ ಹೊಟ್ಟಿನ ರಾಶಿಗೆ ಕಿಡಿ ಬಿತ್ತು. ಜನ ಕೂಗುತ್ತಿರುವುದು ಕೇಳಿ ನಾನು ಕುಂಟುತ್ತ ಹೋಗುವಷ್ಟರಲ್ಲಿ ಗುರುಶಾಂತಪ್ಪನ ಆಳುಗಳು ಬಾಗಿಲು ಒಡೆದಿದ್ದರು. ಖಾಸಿಂಬಿಯನ್ನು ಹೊರಗೆ ಮಲಗಿಸಿ ಮೇಲೆ ಚೀಲ ಹೊದಿಸಿದ್ದರು. ಸರಪಳಿ ಎಲ್ಲೂ ಇರಲಿಲ್ಲ.

ಆಳುಗಳು ಒಂದೇ ಬಾಯಲ್ಲಿ ಹೇಳಿದರು: ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು, ಮುದುಕಿ ತೂಕಡಿಸಿ ಕಿಡಿ ಬೀಳಿಸಿಕೊಂಡಳು. ಪೊಲೀಸರು ಕಾಗದದಲ್ಲಿ "ಮೃತಳ ಅಜಾಗರೂಕತೆ" ಎಂದು ಬರೆದರು. ಖಾಸಿಂಬಿಯ ಮಗಳು ನಸೀಮಾ ಆ ಕಾಗದ ಹಿಡಿದುಕೊಂಡು ನನ್ನ ಮುಂದೆ ಕೂತಳು. ಅವಳು ನನ್ನನ್ನು ಖಾಲಾ ಎನ್ನುತ್ತಾಳೆ, ತಾಯಿಯ ತಂಗಿಯನ್ನು ಕರೆಯುವ ಹಾಗೆ.

"ಅಮ್ಮಾ ಒಲೆ ಮುಂದೆ ಯಾವತ್ತಾದ್ರೂ ತೂಕಡಿಸ್ಯಾಳಾ ಖಾಲಾ? ಸತ್ತೋಳ ಮೇಲೇ ತಪ್ಪು ಹಾಕ್ಯಾರೆ. ಇದೊಂದು ಸಾಲು ಅಳಿಸ್ಬೇಕು. ಬೇರೇನೂ ಬ್ಯಾಡ ನಂಗೆ."

"ಅಳಿಸಾಣ. ಭಟ್ಟಿ ಗೋಡೆ ಮೇಲೆ ಅವತ್ತಿನ ಹೊಗೆ ಐತಿ. ನಿಮ್ಮಮ್ಮ ಬೀಗ ತೆಗೀರಿ ಅಂತ ಕೂಗಿದ್ರೆ ಅದ್ರಾಗಿರ್ತೈತಿ. ತಿಪ್ಪೇಶನಿಗೆ ಹೇಳ್ತೀನಿ, ಓಡಿ ಬರ್ತಾನೆ," ಎಂದೆ.

ಫೋನು ಮಾಡಿದೆ. ಅವನ ಆಫೀಸಿನ ಹುಡುಗಿ ಎತ್ತಿದಳು. ಸಾರ್ ಮೀಟಿಂಗಿನಲ್ಲಿದ್ದಾರೆ ಎಂದಳು. ಆರು ದಿನ ಮಾಡಿದೆ, ಆರು ದಿನವೂ ಮೀಟಿಂಗು. ಕೊನೆಗೆ ಸರ್ಕಾರ ಬಡವರಿಗೆ ಪುಕ್ಕಟೆ ಕೊಡುವ ವಕೀಲೆಯೊಬ್ಬಳನ್ನು ಹಿಡಿದು ನಮ್ಮೂರ ಕೋರ್ಟಿನಲ್ಲೇ ಅರ್ಜಿ ಹಾಕಿದೆವು: ಗೋಡೆಯ ಮಸಿ ಓದಿಸಿ, ಸರಪಳಿ ಕಂಡವಳ ಸಾಕ್ಷಿ ಕೇಳಿ, ಆ ಸಾಲು ಅಳಿಸಿ.

ವಿಚಾರಣೆಗೆ ಮೊದಲು ನಾನು ಒಬ್ಬಳೇ ಪ್ರಯೋಗಶಾಲೆಗೆ ಹೋದೆ. ಇಂದುಧರ ಇನ್ನೂ ಸಣ್ಣಗಾಗಿದ್ದ. ನನ್ನನ್ನು ನೋಡಿದ್ದೇ ಎದ್ದು ಬಾಗಿಲು ಮುಂದೆ ಮಾಡಿದ. ಗಾಜಿನ ಪೆಟ್ಟಿಗೆಯೊಳಗೆ ಒಂದು ತುಂಡು ಗೋಡೆ ಇತ್ತು. ನನ್ನ ಗೋಡೆಗಿಂತ ಕಪ್ಪು.

"ಇದು ಆ ಭಟ್ಟೀದಾ?"

"ಬೆಂಕಿ ಬಿದ್ದ ದಿನವೇ ಪೊಲೀಸರು ತಂದುಕೊಟ್ಟಿದ್ರು. ಓದಿಬಿಟ್ಟೆ ಅಜ್ಜಿ. ಮಾರನೇ ದಿನ ಮಾಲೀಕರ ಕಡೆಯಿಂದ ನೋಟೀಸು ಬಂತು, ಒಪ್ಪಿಗೆ ಇಲ್ಲ ಅಂತ."

"ಓದಿದ್ಯಾ? ಖಾಸಿಂಬಿ ಏನಂದ್ಲು?"

ಅವನು ಗಾಜಿನ ಪೆಟ್ಟಿಗೆಯ ದೀಪ ಆರಿಸಿದ.

"ಬೀಗ ಅಂದ್ಲಾ? ಒಂದೇ ಮಾತು ಹೇಳು. ತಲೆ ಅಲ್ಲಾಡ್ಸು, ಸಾಕು."

ಅವನ ತಲೆ ಅಲ್ಲಾಡಲಿಲ್ಲ. ಕಣ್ಣು ಮಾತ್ರ ಕೆಂಪಾಯಿತು. "ಹೇಳಿದ್ರೆ ನನ್ನ ಜೈಲಿಗೆ ಹಾಕ್ತಾರೆ. ಒಪ್ಪಿಗೆ ಇಲ್ಲದೆ ಓದಿದ್ದನ್ನ ಅಳಿಸ್ಬೇಕು, ಬಾಯಿ ಬಿಡಬಾರ್ದು ಅಂತ ತೀರ್ಪೇ ಇದೆಯಲ್ಲ."

"ಯಾವನದಯ್ಯಾ ಆ ತೀರ್ಪು?"

"ನಿಮ್ಮದೇ ಅಜ್ಜಿ," ಎಂದ ಇಂದುಧರ.

ಮನೆಗೆ ಬಂದು ಆ ನೂರಾ ಹನ್ನೆರಡು ಪುಟವನ್ನು ಪೆಟ್ಟಿಗೆಯಿಂದ ತೆಗೆದೆ. ನಸೀಮಾ ನಲವತ್ತೊಂದನೇ ಪ್ಯಾರಾ ಓದಿದಳು, ಮತ್ತೆ ಓದು ಎಂದೆ, ಮತ್ತೆ ಓದಿದಳು. ಒಡೆಯರು, ಒಡೆಯರು, ಒಡೆಯರು. ಅಲ್ಲಿ ಮಾತಾಡಿದವರು ಎಲ್ಲೂ ಇರಲಿಲ್ಲ. ಆದರೂ ನನಗೆ ಧೈರ್ಯವಿತ್ತು. ಗೋಡೆ ಹೋದರೆ ಹೋಗಲಿ. ಸರಪಳಿ ಕಂಡ ಕಣ್ಣು ಎರಡು ನನ್ನ ತಲೆಯಲ್ಲೇ ಇದ್ದವು, ಅದಕ್ಕೆ ಯಾವ ಮಾಲೀಕನ ಒಪ್ಪಿಗೆಯೂ ಬೇಕಿರಲಿಲ್ಲ.

ವಿಚಾರಣೆಯ ದಿನ ಗುರುಶಾಂತಪ್ಪನ ಕಡೆಯ ವಕೀಲರು ಬಂದರು. ಕೋರ್ಟಿಗೆ ಕೋರ್ಟೇ ಎದ್ದು ದಾರಿ ಬಿಟ್ಟಿತು. ತಿಪ್ಪೇಶ. ಕೂದಲು ನೆರೆಯತೊಡಗಿತ್ತು, ಹೊಟ್ಟೆ ಬಂದಿತ್ತು. ನಾನು ಕೈ ಎತ್ತಿದೆ. ನಮ್ಮ ಕಡೆ ಬರುತ್ತಿದ್ದಾನೆ, ಪಾಪ, ದಾರಿ ತಪ್ಪಿ ಆ ಮೇಜಿನ ಕಡೆ ಹೋದ ಎಂದುಕೊಂಡೆ. ಅವನು ಆ ಮೇಜಿನ ಮೇಲೆಯೇ ಫೈಲು ಬಿಚ್ಚಿದ.

ನಸೀಮಾ ನನ್ನ ಕೈ ಹಿಡಿದುಕೊಂಡಳು.

ತಿಪ್ಪೇಶ ಎದ್ದು ನಿಂತು ಶುರು ಮಾಡಿದ. "ಸ್ವಾಮಿ, ಗೋಡೆ ನನ್ನ ಕಕ್ಷಿದಾರರದು. ಅವರ ಒಪ್ಪಿಗೆ ಇಲ್ಲ. ಉಚ್ಚಂಗವ್ವ ಪ್ರಕರಣ, ಪ್ಯಾರಾ ನಲವತ್ತೊಂದು."

ನಾನು ಕೂತಲ್ಲಿಂದಲೇ ಕೂಗಿದೆ. "ಏಯ್, ಅದು ನಾನು ಕಣೋ!"

ಜಡ್ಜರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಯಾರಮ್ಮ ನೀವು?"

"ಉಚ್ಚಂಗವ್ವ ಪ್ರಕರಣ ನಾನೇ ಸ್ವಾಮಿ. ನನ್ನ ಕೇಳ್ದೇ ಇವ್ನು ನನ್ನ ಎಂಗೆ ಓದ್ತಾನೆ? ಗೋಡೆಗೆ ಒಪ್ಪಿಗೆ ಬೇಕಂತೆ, ನಂಗೆ ಬ್ಯಾಡವಾ?"

ಒಂದಿಬ್ಬರು ಕಿಸಕ್ಕೆಂದರು. ಜಡ್ಜರಿಗೂ ನಗು ಬಂದಂತಿತ್ತು, ಆದರೆ ಮೆತ್ತಗೆ ಹೇಳಿದರು. "ಅಜ್ಜಿ, ತೀರ್ಪು ಬಂದ ಮೇಲೆ ಅದು ನಿಮ್ಮದಲ್ಲ, ಎಲ್ಲರದು. ಮೇಲಿನ ಕೋರ್ಟು ಹೇಳಿದ್ದನ್ನ ನಾನು ಮೀರೋಕಾಗಲ್ಲ. ಗೋಡೆಯ ವಿಷಯ ಮುಗೀತು. ನಿಮ್ಮ ಸಾಕ್ಷಿ ಇದೆಯಲ್ಲ, ಬನ್ನಿ, ಅದನ್ನ ಹೇಳಿ."

ಕಟಕಟೆ ಹತ್ತಿದೆ. ನಮ್ಮ ವಕೀಲೆ ಕೇಳಿದಳು. ಸರಪಳಿ ಇತ್ತು, ಬೀಗ ಹೊರಗಿತ್ತು, ಕಿಂಡಿಯಲ್ಲಿ ರೊಟ್ಟಿ ಕೊಟ್ಟೆ ಎಂದು ಹೇಳಿದೆ. ಜಡ್ಜರು ಬರೆದುಕೊಂಡರು. ಆಮೇಲೆ ತಿಪ್ಪೇಶ ಎದ್ದ.

"ತಮ್ಮ ಹೆಸರೇನಮ್ಮ?"

"ಮರೆತ್ಯಾ? ಊರೂರ ಕೋರ್ಟಲ್ಲಿ ಓದ್ಕೊಂಡು ತಿರುಗ್ತೀಯಂತೆ."

ಕೋರ್ಟು ನಕ್ಕಿತು. ಅವನೂ ನಕ್ಕ. ಫೈಲು ಮುಚ್ಚಿ ಬದಿಗಿಟ್ಟ. ಹತ್ತಿರ ಬಂದು ಕಟಕಟೆಯ ಕಟ್ಟಿಗೆಯ ಮೇಲೆ ಮೊಣಕೈ ಊರಿದ. ಆಗ ಅವನ ದನಿ ಬದಲಾಯಿತು. ಕೋರ್ಟಿನ ದನಿ ಹೋಯಿತು. ನನ್ನ ಅಡಿಗೆಮನೆಯ ದನಿ ಬಂತು.

"ದೊಡ್ಡವ್ವ, ಸರಪಳಿ ನೋಡ್ದೆ ಅಂದ್ಯಲ್ಲ. ಎಷ್ಟು ದಪ್ಪ ಇತ್ತು?"

"ದಪ್ಪ ಇತ್ತು."

"ಬಾವಿ ಹಗ್ಗದಷ್ಟಾ?"

"ಹಗ್ಗ ಯಾವ ಲೆಕ್ಕ? ಅದಕ್ಕಿಂತ ದಪ್ಪ."

"ಅಷ್ಟೇನಾ?"

ಆ ಮೂರಕ್ಷರ ಎಲ್ಲಿತ್ತೋ, ಹೇಗೆ ಬಂತೋ. ಅವನ ಕಣ್ಣಲ್ಲಿ ಆರು ವರ್ಷದ ಹುಡುಗ ಕೂತು ತುತ್ತಿಗೆ ಬಾಯಿ ತೆರೆದಂತಿತ್ತು. ಎಷ್ಟೋ ವರ್ಷದಿಂದ ಕೇಳದ ದನಿ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಅಷ್ಟೇನಾ ಅಂದ್ರೆ? ಆನೆ ಕಟ್ಟೋ ಸರಪಳಿ ಕಣೋ!"

"ಬೀಗ?"

"ಕುಂಬಳಕಾಯಿ ಗಾತ್ರ!"

"ಅಷ್ಟೇನಾ ದೊಡ್ಡವ್ವ? ಉದ್ದ ಎಷ್ಟಿತ್ತು?"

"ಬಿಚ್ಚಿದ್ರೆ ಹರಿಹರದ ಸೇತುವೆಗೆ ಮೂರು ಸುತ್ತು ಬರ್ತಿತ್ತು!"

ಹಿಂದಿನ ಬೆಂಚಿನವರೆಲ್ಲ ನಕ್ಕರು. ನಾನೂ ನಗುತ್ತಿದ್ದೆ, ದೇವರೇ, ನಾನೂ ನಗುತ್ತಿದ್ದೆ. ಆಗ ಜಡ್ಜರ ಪೆನ್ನು ಕಂಡಿತು. ಅದು ಬರೆಯುವುದನ್ನು ನಿಲ್ಲಿಸಿತ್ತು.

ತಿಪ್ಪೇಶ ಮೊಣಕೈ ತೆಗೆದು ನೆಟ್ಟಗಾದ. ಫೈಲಿನಿಂದ ಒಂದು ಹಳೆಯ ಕಾಗದ ತೆಗೆದು ಕೋರ್ಟಿನ ದನಿಯಲ್ಲಿ ಓದಿದ. "ಅರ್ಜಿದಾರಳು ಮಾತನ್ನು ಹಿಗ್ಗಿಸಿ ಆಡುವ ಸ್ವಭಾವದವಳು. ಆಕೆಯ ಮಾತನ್ನು ಪೇಟೆಯಲ್ಲಿ ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಸ್ವಾಮಿ, ಇದು ಸಾಕ್ಷಿಯವರದೇ ಪ್ರಮಾಣಪತ್ರ. ರುಜು ಅವರದೇ. ಮುಂದೆ ಪ್ರಶ್ನೆಗಳಿಲ್ಲ."

"ಅಯ್ಯೋ ಮನೆಹಾಳ!" ಎಂದು ಕಿರುಚಿದೆ. ಇನ್ನೂ ಏನೇನು ಅಂದೆನೋ. ಇಬ್ಬರು ಪೊಲೀಸ್ ಹೆಣ್ಣುಮಕ್ಕಳು ನನ್ನ ರಟ್ಟೆ ಹಿಡಿದು ಕೆಳಗಿಳಿಸಿದರು. ನಮ್ಮ ವಕೀಲೆ ತಲೆ ತಗ್ಗಿಸಿ ಕೂತಿದ್ದಳು. ಊಟದ ಹೊತ್ತಿಗೆ ಮುಂಚೆಯೇ ಅರ್ಜಿ ವಜಾ ಆಯಿತು. ಮೃತಳ ಅಜಾಗರೂಕತೆ ಹಾಗೆಯೇ ಉಳಿಯಿತು.

ಹೊರಗೆ ಬೇವಿನ ಮರದ ಕೆಳಗೆ ತಿಪ್ಪೇಶ ಕಾರಿಗೆ ಕಾಯುತ್ತಿದ್ದ. ನನ್ನನ್ನು ಕಂಡು ಓಡಿಹೋಗಲಿಲ್ಲ. ಅದೊಂದು ಮರ್ಯಾದೆ ಇತ್ತು.

"ನಿಂಗೆ ಅವಳು ಅನ್ನ ಹಾಕಿದ್ಲು," ಎಂದೆ.

"ಗೊತ್ತು ದೊಡ್ಡವ್ವ."

"ಸಕ್ಕರೆ ಹಾಕಿದ್ಲು ಬಾಯಿಗೆ."

"ಗೊತ್ತು. ಆದ್ರೆ ಹಕ್ಕು ಅಂದ್ರೆ ಒಳ್ಳೇರಿಗೆ ಒಂದು, ಕೆಟ್ಟೋರಿಗೆ ಒಂದು ಅಂತಿಲ್ಲ. ಗುರುಶಾಂತಪ್ಪನ ಗೋಡೆ ಇವತ್ತು ತೆಗೆಸಿದ್ರೆ, ನಾಳೆ ನಿನ್ನ ಗೋಡೆಗೂ ಬರ್ತಾರೆ. ನಾನು ಬರ್ದೇ ಇದ್ರೆ ಇನ್ನೊಬ್ಬ ಬಂದು ಅದೇ ಪ್ಯಾರಾ ಓದ್ತಿದ್ದ."

"ಇನ್ನೊಬ್ಬ ಪ್ಯಾರಾ ಓದ್ತಿದ್ದ ಕಣಪ್ಪ. 'ಅಷ್ಟೇನಾ' ಅಂತಿರ್ಲಿಲ್ಲ."

ಅವನು ರಸ್ತೆಯ ಕಡೆ ತಿರುಗಿ ಕಾರು ಬಂತಾ ಎಂದು ನೋಡಿದ.

"ಹೋಗ್ಲಿ, ಗೋಡೆ ಅವಂದೇ ಇರ್ಲಿ. ಒಳಗೆ ಸಾಯೋವಾಗ ಕೂಗಿದ ಬಾಯಿ ಯಾರ್ದು? ಅದೂ ಅವಂದಾ?"

"ನಾನು ಮೊದಲು ಹಂಗೇ ಬರೆದಿದ್ದೆ," ಎಂದ ಮೆಲ್ಲಗೆ. "ಆಡಿದ ಮಾತು ಆಡಿದವರದು ಅಂತ. ಆ ಸಾಲು ಹೊಡೆಸಿದ್ದು ಯಾರು ದೊಡ್ಡವ್ವ?"

ಕಾರು ಬಂತು. ಅವನು ಹತ್ತುವಾಗ ಅಭ್ಯಾಸಬಲದಿಂದ ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಕಾಲು ಹಿಂದೆ ಎಳೆದುಕೊಂಡೆ.

ಪ್ರಯೋಗಶಾಲೆಯಲ್ಲಿದ್ದ ತುಂಡನ್ನು ತೀರ್ಪಿನಂತೆ ಅಳಿಸಿದರು. ನಾಲ್ಕನೇ ದಿನ ಗುರುಶಾಂತಪ್ಪ ತನ್ನ ಭಟ್ಟಿಯನ್ನು ಕೆರೆಸಿ ಸುಣ್ಣ ಹೊಡೆಸಿದ. ಅವನ ಗೋಡೆ, ಅವನ ಸುಣ್ಣ, ಯಾರು ಕೇಳುತ್ತಾರೆ? ಕೆರೆದದ್ದೂ ನಮ್ಮ ಹೆಂಗಸರೇ. ಭಟ್ಟಿಯ ಕೆಲಸದವರೇ ಮಾಲೀಕ ಹೇಳಿದ ಮೇಲುಗೆಲಸವನ್ನೂ ಮಾಡಬೇಕು ಎನ್ನುವುದು ಇಲ್ಲಿಯ ಲಾಗಾಯ್ತಿನ ರೂಢಿ. ಖಾಸಿಂಬಿಯ ಕೂಗು ಯಾವ ಪದರದಲ್ಲಿತ್ತೋ, ಅದು ಅವರ ಸೆರಗಿಗೆ, ಹುಬ್ಬಿಗೆ, ಉಗುರಿಗೆ ಹತ್ತಿಕೊಂಡು ಮನೆಮನೆಗೆ ಹೋಗಿ ಬಚ್ಚಲಲ್ಲಿ ಹರಿದುಹೋಯಿತು.

ನಾನು ಹೋಗಿ ನೋಡಿದೆ. ಹುಟ್ಟಿದಾಗಿನಿಂದ ಕಪ್ಪಗಿದ್ದ ಕೋಣೆ ಹಲ್ಲು ಕಿರಿದ ಹಾಗೆ ಬೆಳ್ಳಗಿತ್ತು. ನಸೀಮಾ ಮೊದಲೇ ಬಂದು ಬಾಗಿಲ ಮುಂದೆ ನಿಂತಿದ್ದಳು. ಕೋರ್ಟಿನಿಂದ ಬಂದಾಗಿನಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಹೊಸ ಬಾಗಿಲು ಹಾಕಿದ್ದರು. ಅದರ ಹೊರಗಡೆಯ ಕೊಂಡಿಯನ್ನು ಅವಳು ನೋಡುತ್ತಿದ್ದಳು.

"ಖಾಲಾ," ಎಂದಳು, ನನ್ನ ಕಡೆ ತಿರುಗದೆ. "ಈಗ ನಗಿಸೋರು ಯಾರೂ ಇಲ್ಲ ಇಲ್ಲಿ. ಸರಪಳಿ ಎಷ್ಟುದ್ದ ಇತ್ತು?"

"ಒಂದೂವರೆ ಮೊಳ," ಎಂದೆ.

"ಬೀಗ?"

"ಸಣ್ಣದು. ಹಿತ್ತಾಳೇದು. ಪೆಟ್ಟಿಗೆಗೆ ಹಾಕ್ತಾರಲ್ಲ, ಅಂತಾದ್ದು. ಕಲ್ಲಲ್ಲಿ ಎರಡೇಟು ಹಾಕಿದ್ರೆ ಒಡೀತಿತ್ತು."

ನಸೀಮಾ ತನ್ನ ಬಲಗೈಯನ್ನು ಮುಂದೆ ಚಾಚಿದಳು. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ, ಅದರ ಮೇಲೆ ಅರ್ಧ, ಗಾಳಿಯಲ್ಲೇ ಅಳೆದಳು. ಅಷ್ಟುದ್ದದ ಗಾಳಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

"ಇಷ್ಟೇನಾ?"

"ಇಷ್ಟೇ."

"ಇಷ್ಟೇ ಅಂತ ಅಲ್ಲಿ ಅನ್ನಾಕೆ ಏನಾಗಿತ್ತು ನಿಮ್ಗೆ?"

ಅವಳು ಕೈ ಇಳಿಸಲಿಲ್ಲ. ನಾನು ಉತ್ತರ ಹೇಳುವವರೆಗೂ ಇಳಿಸುವುದಿಲ್ಲ ಎನ್ನುವಂತೆ ಹಾಗೆಯೇ ನಿಂತಳು.